ತಂಗಿ ನೋಡಿದ ಮನೆ ಬೇಡ

ಹಲ್ಲಕ್ಕ ಇಪ್ಪತ್ತಾರು ಮನೆಗಳನ್ನು ನೋಡಿಯೂ ಒಂದನ್ನೂ ಒಪ್ಪದಿರಲು ಕಾರಣ ಆ ಮನೆಗಳಲ್ಲ, ಅವನ್ನು ತೋರಿಸುತ್ತಿದ್ದ ಏಜೆಂಟು ಎಂಬ ಮಾತು ಅವಳ ಬೀದಿಯಲ್ಲಿ ಎಂಟು ತಿಂಗಳು ಚಾಲ್ತಿಯಲ್ಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ಸ್ಕೂಟರು ಅವಳ ಗೇಟಿನ ಮುಂದೆ ಬಂದು ನಿಲ್ಲುತ್ತಿತ್ತು. ಮದುವೆಯ ಗೊಡವೆಗೇ ಹೋಗದ ನಲವತ್ತಮೂರರ ಹೆಂಗಸು ಹೆಗಲಿಗೊಂದು ಚೀಲ ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಹೋಗುವುದನ್ನೂ, ಮಧ್ಯಾಹ್ನ ಮುಖ ಸಿಂಡರಿಸಿಕೊಂಡು ಮರಳುವುದನ್ನೂ, ಮುಂದಿನ ವಾರ ಮತ್ತೆ ಹೊರಡುವುದನ್ನೂ ಬೀದಿ ಎವೆಯಿಕ್ಕದೆ ನೋಡಿತು. "ಮನೆ ಸಿಗದಿದ್ರೆ ಏನಂತೆ, ಮನೆ ಯಜಮಾನ ಸಿಕ್ಕ ಹಾಗಿದೆ" ಎಂದು ಎದುರುಮನೆಯ ನಿವೃತ್ತ ಅಂಚೆಯವರು ಆಡಿದ ಮಾತು ಎರಡೇ ದಿನದಲ್ಲಿ ಬೀದಿಯ ಆ ತುದಿ ಮುಟ್ಟಿತು.

ಇಪ್ಪತ್ತಾರು ಎಂಬ ಸಂಖ್ಯೆ ಸರಿಯಾಗಿದೆ. ಉಳಿದದ್ದು ಸರಿಯಲ್ಲ. ಏಜೆಂಟನಿಗೆ ಮನೆಯಲ್ಲಿ ಹೆಂಡತಿಯೂ ಬೆನ್ನಿನಲ್ಲಿ ನೋವೂ ಇದ್ದವು. ಎರಡರ ವಿಷಯವನ್ನೂ ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ. ಚೀಲದಲ್ಲಿದ್ದದ್ದು ಹದಿನಾರು ಹಲ್ಲುಗಳು. ಇನ್ನು ಆ ಸ್ಕೂಟರಿನ ಮೇಲೆ ಅವರಿಬ್ಬರ ನಡುವೆ ಮೂರನೆಯವಳೊಬ್ಬಳು ಸದಾ ಕೂತಿರುತ್ತಿದ್ದಳು. ಅವಳು ಬೀದಿಯ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಆ ಹೊತ್ತಿಗೆ ಅವಳು ಊರಿನ ಇನ್ನೊಂದು ಭಾಗದ ತನ್ನ ಹೊಸ ಮನೆಯಲ್ಲಿ ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದಳು. ಹಲ್ಲಕ್ಕನ ತಂಗಿ.

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಂದ ತೆಗೆದ ಅಚ್ಚನ್ನು ಮುಂದಿಟ್ಟುಕೊಂಡು ಹಲ್ಲು ಕಟ್ಟಿಕೊಡುವವಳು. ನಾಲ್ಕು ಕ್ಲಿನಿಕ್ಕುಗಳ ಕೆಲಸ ಅವಳ ಬಾಡಿಗೆ ಮನೆಯ ಹಿಂದಿನ ಕೋಣೆಗೆ ಬರುತ್ತಿತ್ತು. ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದ ತುದಿಯಿಂದ ಪದರದ ಮೇಲೆ ಪದರ ಕೂರಿಸಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಉಜ್ಜಿ, ಮತ್ತೆ ಸುಟ್ಟು ಅವಳು ಮಾಡಿದ ಹಲ್ಲನ್ನು ಪಕ್ಕದ ಹುಟ್ಟು ಹಲ್ಲಿನಿಂದ ಬೇರ್ಪಡಿಸಿ ತೋರಿಸಲು ಹಾಕಿಸಿಕೊಂಡವರಿಗೇ ಆಗುತ್ತಿರಲಿಲ್ಲ. ಹಲ್ಲು ಬಿಳಿಯೆಂದು ಜನ ನಂಬಿರುತ್ತಾರೆ; ಅಚ್ಚ ಬಿಳಿಯ ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ. ಬುಡದಲ್ಲಿ ಹಳದಿ, ನಡುವೆ ಬೂದು, ತುದಿಯಲ್ಲಿ ನೀರಿನಂಥ ನೀಲಿ. ಬೇರೆ ಬೇರೆ ಛಾಯೆಯ, ನಂಬರು ಹಾಕಿದ ಹದಿನಾರು ಮಾದರಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಒಂದು ಪಟ್ಟಿಯನ್ನು ಹಿಡಿದು, ತಾನು ಮಾಡಿದ್ದನ್ನು ಅದರ ಪಕ್ಕಕ್ಕಿಟ್ಟು, ಐದು ಸೆಕೆಂಡು ನೋಡಿ, ಕಣ್ಣು ದಣಿಯದಂತೆ ಒಂದು ಬೂದು ಬಣ್ಣದ ರಟ್ಟಿನ ಮೇಲೆ ದೃಷ್ಟಿ ನಿಲ್ಲಿಸಿ, ಮತ್ತೆ ನೋಡುವುದು ಅವಳ ಕ್ರಮ. ಇದಕ್ಕೆ ಉತ್ತರದ ಕಿಟಕಿಯೇ ಆಗಬೇಕು. ನೇರ ಬಿಸಿಲು ಬೀಳದ ಆ ಬೆಳಕು ಬೆಳಗಿನಿಂದ ಸಂಜೆಯವರೆಗೆ ಬಣ್ಣ ಬದಲಿಸುವುದಿಲ್ಲ.

ಹನ್ನೊಂದು ವರ್ಷ ಅಂಥ ಕಿಟಕಿಯೊಂದು ಅವಳಿಗಿತ್ತು. ಆಮೇಲೆ ಪಕ್ಕದ ಖಾಲಿ ಸೈಟಿನಲ್ಲಿ ಪಾಯ ತೋಡಿದರು. ಗೋಡೆ ಏಳುತ್ತಾ ಏಳುತ್ತಾ ಒಂದು ದಿನ ಕಿಟಕಿಯ ತುಂಬ ಸಿಮೆಂಟೇ ಕಾಣತೊಡಗಿತು. ಹಗಲಿನಷ್ಟೇ ಬೆಳಕು ಕೊಡುತ್ತದೆಂದು ಅಂಗಡಿಯವನು ಆಣೆಯಿಟ್ಟು ಹೇಳಿದ ದೀಪವನ್ನು ತಂದು ಹಾಕಿದಳು. ಆ ದೀಪದ ಕೆಳಗೆ ಮಾಡಿದ ಮೊದಲ ಹಲ್ಲು ಕ್ಲಿನಿಕ್ಕಿನಿಂದ ವಾಪಸ್ಸು ಬಂತು: ಒಂದು ಛಾಯೆ ಹಳದಿ. ಎರಡನೆಯದೂ ಬಂತು. ದೊಡ್ಡ ಕ್ಲಿನಿಕ್ಕಿನ ಡಾಕ್ಟರು ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡಿದರು. "ನಿಮ್ಮ ಕೈ ಬಿಟ್ಟು ಬೇರೆ ಕೈಗೆ ಕೊಡೋಕೆ ನನಗೆ ಇಷ್ಟ ಇಲ್ಲ. ಆದ್ರೆ ಇನ್ನೊಂದು ಸಲ ಹೀಗಾದ್ರೆ ಮೆಷಿನ್ನಿನಲ್ಲಿ ಮಾಡೋರ ಹತ್ರ ಹೋಗಬೇಕಾಗುತ್ತೆ." ಹೀಗೆ ಅವಳಿಗೆ ಮನೆಯೆಂದರೆ ಕಿಟಕಿ ಎಂಬಂತಾಯಿತು. ಅದು ಸಿಗದಿದ್ದರೆ ಕಸುಬು ಹೋಗುತ್ತದೆ. ಕಸುಬಲ್ಲದೆ ಅವಳಿಗೆ ತನ್ನದೆನ್ನಲು ಹೆಚ್ಚೇನೂ ಇರಲಿಲ್ಲ.

ಸರಿಯಾಗಿ ಆ ತಿಂಗಳಲ್ಲೇ ತಂಗಿ ಮನೆ ಕೊಂಡಳು.

ತಂಗಿ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ, ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡಾಗ ಅವುಗಳ ಜಾಗದಲ್ಲಿ ಹೊಸ ಹಲ್ಲು ಕಟ್ಟಿದ್ದು ಅಕ್ಕನೇ. ಆ ಎರಡು ಹಲ್ಲಿಗೆ ಹಲ್ಲಕ್ಕ ಒಂಬತ್ತು ದಿನ ತೆಗೆದುಕೊಂಡಿದ್ದಳು. ಅಂದಿನಿಂದ ತಂಗಿಯ ನಗು ಊರಿಗೆಲ್ಲ ಮೆಚ್ಚುಗೆಯಾಯಿತು. ಅದೇ ನಗುವನ್ನು ಮುಖದ ತುಂಬ ಹೊತ್ತು ಅವಳು ಅಕ್ಕನಿಗೆ ಹೊಸ ಮನೆ ತೋರಿಸಿದಳು: ಹಜಾರ, ಅಡುಗೆಮನೆ, ಮೆಟ್ಟಿಲು, ಕೊನೆಗೆ ಮಹಡಿಯ ಕೋಣೆ.

ಕೋಣೆಯ ಬಾಗಿಲಲ್ಲೇ ಹಲ್ಲಕ್ಕನ ಕಾಲು ನಿಂತಿತು. ಉತ್ತರದ ಗೋಡೆಯ ಮುಕ್ಕಾಲು ಭಾಗ ಕಿಟಕಿ. ಹೊರಗೆ ಅಡ್ಡವಾಗಿ ಏನೂ ಇಲ್ಲ. ಒಳಗೆ ಒಂದು ವ್ಯಾಯಾಮದ ಸೈಕಲ್ಲು, ಇಸ್ತ್ರಿ ಮೇಜು, ಗೋಡೆಯಿಂದ ಗೋಡೆಗೆ ಕಟ್ಟಿದ ಎರಡು ತಂತಿ, ತಂತಿಯ ಮೇಲೆ ಟವೆಲು, ಬೆಡ್‌ಶೀಟು, ಕಾಲುಚೀಲ.

"ಬಟ್ಟೆ ಒಣಗಿಸೋಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ ಅಕ್ಕ?"

"ಬಿಸಿಲೇ ಬೀಳಲ್ವಲ್ಲೇ ಇಲ್ಲಿ. ಒಣಗುತ್ತಾ?"

"ಎರಡು ದಿನ ಹಿಡಿಯುತ್ತೆ. ನಮಗೇನು ಅವಸರ?"

ತಂಗಿಯ ಗಂಡ ಕೆಳಗಿನಿಂದ ಟೀ ಆರುತ್ತದೆಂದು ಕೂಗಿದ. ಹಲ್ಲಕ್ಕ ಒಂದು ಕಾಲುಚೀಲವನ್ನು ಮುಟ್ಟಿ ನೋಡಿದಳು, ಹಸಿಯಾಗಿತ್ತು. ತನ್ನ ಅನ್ನದ ಬೆಳಕಿನಲ್ಲಿ ಯಾರದೋ ಕಾಲುಚೀಲ ಒಣಗದೆ ನೇತಾಡುತ್ತಿದೆಯೆಂಬ ಸಂಗತಿ ಅವಳ ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತಿತು. ಟೀ ಹೇಗಿತ್ತೆಂದು ಅವಳಿಗೆ ನೆನಪಿಲ್ಲ.

ತಂಗಿಗೆ ಈ ಮನೆ ಹುಡುಕಿಕೊಟ್ಟವನನ್ನು ಊರಿನವರು ಮೌನಿ ಎನ್ನುತ್ತಿದ್ದರು. ಅವನು ಒಂದು ಸಲಕ್ಕೆ ಒಂದೇ ಕುಟುಂಬದ ಕೆಲಸ ಹಿಡಿಯುವವನು. ಬೀಗ ತೆಗೆದುಕೊಟ್ಟು ತಾನು ಹೊಸಿಲಾಚೆ ನಿಂತುಬಿಡುವನು. ಹತ್ತು ನಿಮಿಷ ಕೊಳ್ಳುವವರು ಒಳಗೆ ತಾವೇ ಇರಬೇಕು. ಹೊರಬಂದಾಗ ಅವರ ಬಾಯಿಂದ ಬೀಳುವ ಮೊದಲ ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಳ್ಳುವನು. ಜನ ತಮಗೆ ಬೇಕೆಂದು ಪಟ್ಟಿ ಮಾಡಿ ಹೇಳುವುದಕ್ಕಿಂತ ಹೊಸಿಲಲ್ಲಿ ಅರಿವಿಲ್ಲದೆ ಆಡುವುದೇ ನಿಜವೆಂದು ಅವನ ನಂಬಿಕೆ. ಮನೆ ಕೈಸೇರಿದ ದಿನ ಆ ಹಾಳೆಯನ್ನು ಹರಿದು ಕೀಲಿಯ ಜೊತೆ ಕೊಡುವನು. "ಈ ಮನೆ ಯಾಕೆ ತಗೊಂಡ್ವಿ ಅಂತ ಮುಂದೆ ಯಾವತ್ತಾದ್ರೂ ಅನ್ನಿಸಿದ್ರೆ ನೋಡ್ಕೊಳ್ಳಿ" ಎನ್ನುವುದಷ್ಟೇ ಅವನ ದೀರ್ಘ ಭಾಷಣ.

"ನಮ್ಮ ಏಜೆಂಟರಿಗೆ ನಿನ್ನ ವಿಷಯ ಹೇಳಲಾ?" ಎಂದು ತಂಗಿ ಕೇಳಿದಳು. "ಅವರ ಹತ್ರ ಸರದಿ ಉದ್ದ ಇದೆ. ನಾನು ಒಂದು ಮಾತು ಹೇಳಿದ್ರೆ ಮುಂದಕ್ಕೆ ಬಿಡ್ತಾರೆ."

'ನಮ್ಮ ಏಜೆಂಟರು' ಎಂಬ ಎರಡು ಪದಗಳೂ ಹಲ್ಲಕ್ಕನಿಗೆ ಚುಚ್ಚಿದವು. "ನನಗೆ ನಾಲಿಗೆ ಇದೆ" ಎಂದಳು.

ನಾಲಿಗೆ ಇದ್ದದ್ದು ಹೌದು. ಸಮಯಕ್ಕೆ ಅದು ಏಳಲಿಲ್ಲ. ಮರುವಾರ ತಾನೇ ಮೌನಿಯ ಕಚೇರಿ ಹುಡುಕಿಕೊಂಡು ಹೋದಳು. ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ. ಅವನು ಪುಸ್ತಕ ತೆರೆದು, "ಯಾರು ಕಳಿಸಿದ್ದು?" ಎಂದು ಕೇಳಿದ. ನನ್ನ ತಂಗಿ ಎಂದರೆ ಮುಗಿಯುತ್ತಿತ್ತು.

"ಯಾರೂ ಇಲ್ಲ. ಬೋರ್ಡ್ ನೋಡಿ ಬಂದೆ."

ಅವನು ಪೆನ್ನನ್ನು ಪುಸ್ತಕದ ಮೇಲಿಟ್ಟ. "ನಮ್ಮದು ಬೋರ್ಡೇ ಇಲ್ವಲ್ಲಮ್ಮ."

ಹಲ್ಲಕ್ಕ ಹೊಲಿಗೆಗೆ ಬಟ್ಟೆ ಕೊಡಲು ಬಂದವಳಂತೆ ಎದ್ದು ಮೆಟ್ಟಿಲಿಳಿದಳು. ಇಳಿಯುವಷ್ಟರಲ್ಲಿ ಅವಳ ನಿರ್ಧಾರ ಆಗಿತ್ತು. ಮೌನಿಗೆ ಮೊದಲು ತಂಗಿ ಇನ್ನೊಬ್ಬ ಏಜೆಂಟನ ಜೊತೆ ಎರಡು ವಾರ ಸುತ್ತಿ, ಅವನ ಮಾತು ತಾಳಲಾರದೆ ಬಿಟ್ಟಿದ್ದಳು. ತಂಗಿ ಬಿಟ್ಟವನೆಂಬ ಒಂದೇ ಅರ್ಹತೆಯ ಮೇಲೆ ಹಲ್ಲಕ್ಕ ಅವನನ್ನು ಆರಿಸಿದಳು.

ಅವನ ಅಡ್ಡಹೆಸರು ಕೀಲಿಕೈ. ಸೊಂಟಕ್ಕೆ ನಲವತ್ತು ಕೀಲಿಗಳ ಗೊಂಚಲು ಕಟ್ಟಿಕೊಂಡು ತಿರುಗುವವನು. ಅವನು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ವಾಚಾಳಿ, ಆದರೆ ಸುಳ್ಳನಲ್ಲ. ಸೋರುವ ಮನೆಯನ್ನು ಸೋರುತ್ತದೆಂದೇ ಹೇಳಿ ತೋರಿಸುವನು, ಎಲ್ಲೆಲ್ಲಿ ಪಾತ್ರೆ ಇಡಬೇಕೆಂಬುದನ್ನೂ ಸೇರಿಸಿ.

"ಒಂದೇ ಷರತ್ತು," ಎಂದಳು ಹಲ್ಲಕ್ಕ. "ನನ್ನ ತಂಗಿಗೆ ನೀವು ತೋರಿಸಿದ ಮನೆ ಯಾವುದನ್ನೂ ನನಗೆ ತೋರಿಸಬಾರದು."

"ಒಂಬತ್ತು ತೋರಿಸಿದ್ದೆ ಮೇಡಂ. ಒಂದೂ ಬೇಡ್ವಾ?"

"ಅವಳು ನೋಡಿ ಬೇಡ ಅಂದ ಮನೆ ನನಗೆ ಬೇಡ."

"ಯಾಕೆ ಕೇಳ್ತಿದೀನಿ ಅಂದ್ರೆ, ಅದರಲ್ಲಿ ಒಂದು..."

"ಬೇಡ ಅಂದೆ."

ಕೀಲಿಕೈ ಜೀವಮಾನದಲ್ಲಿ ಅಪರೂಪಕ್ಕೆ ಒಂದು ವಾಕ್ಯವನ್ನು ಅರ್ಧಕ್ಕೇ ನುಂಗಿದ. ಪಟ್ಟಿ ತೆಗೆದು ಒಂಬತ್ತು ಸಾಲು ಹೊಡೆದುಹಾಕಿದ.

ಭಾನುವಾರಗಳು ಶುರುವಾದದ್ದು ಹೀಗೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಹಲ್ಲಕ್ಕ ಉತ್ತರದ ಗೋಡೆ ಯಾವುದೆಂದು ಕೇಳಿ, ಅಲ್ಲಿ ಕಿಟಕಿಯಿದ್ದರೆ ಚೀಲದಿಂದ ಹಲ್ಲಿನ ಪಟ್ಟಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಮನೆಯ ವೃದ್ಧ ಯಜಮಾನರು ಇದನ್ನು ಕಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದವರು ಹೊರಬರಲೇ ಇಲ್ಲ. ಕೆಲವು ಮನೆಗಳಲ್ಲಿ ಕಿಟಕಿ ಸಣ್ಣದು, ಕೆಲವು ಕಡೆ ಎದುರಿನ ಕೆಂಪು ಗೋಡೆಯ ಬಣ್ಣ ಒಳಗೆ ಬಂದು ಹಲ್ಲಿಗೆ ಬಡಿಯುತ್ತಿತ್ತು. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಹದಿನಾಲ್ಕನೆಯ ಮನೆಯ ಕಿಟಕಿ ಕೆಲಸಕ್ಕೆ ಸಾಕಷ್ಟಿತ್ತು. ಅವಳು ಹಲ್ಲು ಹಿಡಿದು ನೋಡಿದಳು, ರಟ್ಟು ನೋಡಿದಳು, ಮತ್ತೆ ನೋಡಿದಳು. ಆಮೇಲೆ ಗೇಣು ಹಾಕಿ ಕಿಟಕಿಯ ಅಗಲ ಅಳೆದಳು.

"ಸಣ್ಣದಾಯ್ತು."

"ಯಾವುದಕ್ಕಿಂತ ಮೇಡಂ?" ಎಂದ ಕೀಲಿಕೈ.

ಅವಳು ಪಟ್ಟಿಯನ್ನು ಚೀಲಕ್ಕೆ ತುರುಕಿ, ವಾಪಸ್ಸು ಬರುವ ದಾರಿಯಲ್ಲಿ ತಂಗಿಯ ಮಹಡಿಯ ಕಿಟಕಿಯ ಮಾತೆತ್ತಿದಳು. ಆಗಷ್ಟೇ ಅವನಿಗೆ, ತಾನು ಹುಡುಕುತ್ತಿರುವುದು ಉತ್ತರದ ಕಿಟಕಿಯನ್ನಲ್ಲ, ತಂಗಿಯದಕ್ಕಿಂತ ಒಂದು ಗೇಣು ದೊಡ್ಡದಾದ ಉತ್ತರದ ಕಿಟಕಿಯನ್ನು ಎಂದು ಅರ್ಥವಾಯಿತು. ಅಂಥದೊಂದು ತನ್ನ ಪಟ್ಟಿಯಲ್ಲಿ ಹೊಡೆದುಹಾಕಿದ ಆ ಒಂಬತ್ತು ಸಾಲುಗಳಲ್ಲೇ ಇದೆಯೆಂಬುದೂ ಅವನಿಗೆ ಗೊತ್ತಿತ್ತು. ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವಳು ನೋಡಿದ ನೋಟಕ್ಕೆ ಬೆನ್ನುನೋವಿನ ವಿಷಯಕ್ಕೆ ಹೊರಳಿಕೊಂಡ.

ತಂಗಿ ಮಾತ್ರ ವಾರಕ್ಕೊಮ್ಮೆ ಫೋನು ಮಾಡುವುದನ್ನು ತಪ್ಪಿಸಲಿಲ್ಲ. "ಆಯ್ತಾ ಅಕ್ಕ? ಇನ್ನೂ ಇಲ್ವಾ? ಅಯ್ಯೋ ಪಾಪ. ನಾವು ಏಳನೇ ಮನೆಗೇ ಮುಗಿಸಿಬಿಟ್ವಿ ನೋಡು." ಆ 'ಪಾಪ'ದ ಮೇಲೆ ಹಲ್ಲಕ್ಕನ ಮೈ ಇಡೀ ವಾರ ಉರಿಯುತ್ತಿತ್ತು.

ಇಪ್ಪತ್ತಾರನೆಯ ಮನೆಯ ಮರುದಿನ ದೊಡ್ಡ ಕ್ಲಿನಿಕ್ಕಿನಿಂದ ಒಂದು ಕೆಲಸ ಬಂತು. ಶಾಲೆಯ ಟೀಚರೊಬ್ಬರ ಮುಂದಿನ ಹಲ್ಲು. ಅದು ದಿನವಿಡೀ ಮಕ್ಕಳೆದುರು ಬಾಯಿ ತೆರೆದಾಗೆಲ್ಲ ಕಾಣುವ ಹಲ್ಲು. ಡಾಕ್ಟರು ಮಾತಿನಲ್ಲಿ ಏನೂ ಹೇಳಿರಲಿಲ್ಲ, ಆದರೆ ಚೀಟಿಯ ಮೇಲೆ ಛಾಯೆಯ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಿದ್ದರು. ಹಲ್ಲಕ್ಕ ದೀಪದ ಕೆಳಗೆ ಮೂರು ಸಲ ಕಟ್ಟಿ ಮೂರು ಸಲ ಒಡೆದಳು. ನಾಲ್ಕನೆಯದನ್ನು ಡಬ್ಬಿಯಲ್ಲಿಟ್ಟುಕೊಂಡು, ಬಣ್ಣದ ಪುಡಿ, ಕುಂಚ, ಪಟ್ಟಿ, ರಟ್ಟು ಚೀಲಕ್ಕೆ ತುಂಬಿ, ಹಲ್ಲು ಕಚ್ಚಿಕೊಂಡು ತಂಗಿಯ ಮನೆಗೆ ಹೋದಳು.

"ಮೇಲಿನ ಕೋಣೆ ಒಂದರ್ಧ ಗಂಟೆ ಬೇಕು."

"ಬಾ ಅಕ್ಕ, ಅದಕ್ಕೇನು. ನಿನ್ನದೇ ಮನೆ" ಎಂದಳು ತಂಗಿ, ಸಾಲದ್ದಕ್ಕೆ ನಕ್ಕಳು.

ಬೆಡ್‌ಶೀಟನ್ನು ಸರಿಸಿ ಕಿಟಕಿಯ ಬಳಿ ನಿಂತಾಗ ದೋಷ ಒಂದೇ ಕ್ಷಣದಲ್ಲಿ ಕಂಡಿತು. ಬುಡದ ಹಳದಿ ಒಂದು ಕೂದಲಿನಷ್ಟು ಮೇಲೆ ಹತ್ತಿತ್ತು. ಎಂಟು ತಿಂಗಳಿಂದ ಮಂಕಾದದ್ದು ಕಣ್ಣಲ್ಲವೆಂದು ಆಗ ಅವಳಿಗೆ ಖಾತ್ರಿಯಾಯಿತು. ತಿದ್ದಬೇಕಾದ್ದನ್ನು ಗುರುತು ಮಾಡಿಕೊಂಡು, ಒದ್ದೆ ಕುಂಚ ಒರೆಸಲು ಚಿಂದಿ ಬಟ್ಟೆ ಸಿಗುತ್ತದೋ ಎಂದು ಗೋಡೆಯ ಬೀರುವಿನ ಬಾಗಿಲು ತೆಗೆದಳು.

ಬಾಗಿಲ ಒಳಮೈಗೆ ಏನೇನೋ ಅಂಟಿಸಿತ್ತು: ನಲ್ಲಿ ರಿಪೇರಿಯವನ ನಂಬರು, ಗ್ಯಾಸ್ ಬುಕಿಂಗ್ ನಂಬರು, ಅವುಗಳ ಕೆಳಗೆ ಒಂದು ಹರಿದ ಹಾಳೆ. ಸಣ್ಣ, ಒತ್ತೊತ್ತಾದ ಅಕ್ಷರ; ಮೌನಿಯದು.

'ಒಂದನೇ ಮನೆ: ಅಡುಗೆಮನೆ ಇಕ್ಕಟ್ಟು.

ಎರಡು: ಪಕ್ಕದವರ ರೇಡಿಯೊ ಇಲ್ಲಿಗೇ ಕೇಳುತ್ತೆ.

ಮೂರು: ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡರು.'

ಹೀಗೇ ಆರರವರೆಗೆ. ಕೊನೆಯ ಸಾಲು:

'ಏಳು: ಆ ಕಿಟಕಿ ನೋಡಿದರೆ ನಮ್ಮಕ್ಕನಿಗೆ ನಿದ್ದೆ ಬರಲ್ಲ. ಇದೇ ಇರಲಿ.'

ಹಲ್ಲಕ್ಕ ಅದನ್ನು ಎರಡು ಸಲ ಓದಿದಳು, ನಡುವೆ ಅಭ್ಯಾಸಬಲದಿಂದ ಬೂದು ರಟ್ಟನ್ನೊಮ್ಮೆ ನೋಡಿ. ಹಿಂದೆ ಟೀ ಲೋಟಗಳು ತಟ್ಟೆಯಲ್ಲಿ ಕಟಕಟ ಸದ್ದು ಮಾಡಿ ನಿಂತವು.

"ಓದಿದ್ಯಾ?" ಎಂದಳು ತಂಗಿ.

"ಓದಿದೆ."

"ಅದು ಸುಮ್ನೆ ಬಾಯಿಗೆ ಬಂದದ್ದು."

"ಬಾಯಿಗೆ ಬಂದದ್ದನ್ನೇ ತಾನೆ ಅವರು ಬರೆಯೋದು."

ತಂಗಿ ತಟ್ಟೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು. ಹಾಳೆಯನ್ನು ಕಿತ್ತುಹಾಕುವಳೇನೋ ಎನಿಸಿತು. ಕೀಳಲಿಲ್ಲ.

"ನನ್ನ ಹತ್ರ ಏನಿದೆ ಅಂತ ನಿನಗೆ ಹೊಟ್ಟೆಕಿಚ್ಚು?" ಹಲ್ಲಕ್ಕ ಕೇಳಿದಳು. ಕೊಂಕಾಗಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದು. "ಬಾಡಿಗೆ ಮನೆ, ಬೆಳಕೂ ಇಲ್ಲ. ಗಂಡ ಇಲ್ಲ, ಪೆನ್ಷನ್ ಇಲ್ಲ."

ತಂಗಿ ಬಲಗೈಯ ಉಗುರಿನಿಂದ ತನ್ನ ಮುಂದಿನ ಹಲ್ಲುಗಳನ್ನು ಟಕಟಕ ತಟ್ಟಿದಳು. "ಇದು. ಹದಿನೈದು ವರ್ಷ ಆಯ್ತು. ಯಾರಾದ್ರೂ ಚೆನ್ನಾಗಿ ನಗ್ತೀಯಾ ಅಂದ್ರೆ ಸಾಕು, ನೀನು ಎಲ್ಲಿದ್ರೂ ಬಂದು 'ಅದು ನನ್ನ ಕೆಲಸ' ಅಂತೀಯ. ನನ್ನ ಮದುವೇಲಿ ಫೋಟೋದವನಿಗೂ ಹೇಳಿದೆ. ನಮ್ಮ ಆಫೀಸರಿಗೆ ಹೇಳಿದೆ. ನನ್ನ ಬಾಯಲ್ಲಿರೋದೂ ನಿನ್ನದೇ ಆದ್ರೆ ನನ್ನದು ಅಂತ ಏನಿದೆ ಅಕ್ಕ? ಕಚೇರೀಲಿ ಕೂತು ನೀರಿನ ಮೀಟರಿನ ನಂಬರು ಬರೀತೀನಿ. ಅದನ್ನ ನೋಡಿ ಯಾರಾದ್ರೂ 'ಇದು ಯಾರ ಕೈ ಕೆಲಸ' ಅಂತ ಕೇಳಿದ್ದುಂಟಾ?"

ಹಲ್ಲಕ್ಕ ಒದ್ದೆ ಕುಂಚವನ್ನು ಅಂಗೈಗೇ ಒರೆಸಿಕೊಂಡಳು. ಅವಳೊಳಗೆ ಆಗ ಆದದ್ದು ಪಶ್ಚಾತ್ತಾಪವೆಂದರೆ ಸುಳ್ಳಾಗುತ್ತದೆ. ತಂಗಿ ಮರುಕದಿಂದಲೋ ಪ್ರೀತಿಯಿಂದಲೋ ಈ ಕೋಣೆಯನ್ನು ತನಗಾಗಿ ಎತ್ತಿಟ್ಟಿದ್ದಳೆಂದು ತಿಳಿದಿದ್ದರೆ ಅವಳಿಗೆ ಉರಿ ಇನ್ನಷ್ಟು ಹೆಚ್ಚುತ್ತಿತ್ತು, ಒಳ್ಳೆಯತನವೂ ತಂಗಿಯ ಪಾಲಿಗೇ ಬಿತ್ತಲ್ಲ ಎಂದು. ಈಗ ತಿಳಿದದ್ದು ಬೇರೆ. ಒಣಗದ ಬಟ್ಟೆಯನ್ನು ಎರಡೆರಡು ದಿನ ನೇತುಹಾಕಿಕೊಂಡು, ತಂಗಿಯೊಬ್ಬಳು ತನ್ನ ನಿದ್ದೆ ಕೆಡಲೆಂದೇ ಒಂದು ಇಡೀ ಮನೆ ಕೊಂಡಿದ್ದಾಳೆ. ಮತ್ಸರಕ್ಕೆ ಯೋಗ್ಯವಾದದ್ದೊಂದು ತನ್ನಲ್ಲಿದೆ, ಅದನ್ನು ಇಷ್ಟು ವರ್ಷ ಒಬ್ಬರು ಗಮನವಿಟ್ಟು ನೋಡುತ್ತಿದ್ದರು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಾಯಿತು.

"ನಿದ್ದೆ ಬರಲಿಲ್ಲ ಕಣೇ," ಎಂದಳು. "ಒಂದು ದಿನಾನೂ ಸರಿಯಾಗಿ ಬರಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ತಂಗಿಯ ಮುಖದಲ್ಲಿ ಮೂಡಿದ ಸಮಾಧಾನವನ್ನು ಹಲ್ಲಕ್ಕ ಆ ಒಳ್ಳೆಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಳು. ಇಬ್ಬರೂ ಟೀ ಕುಡಿದರು. ಕೋಣೆಯನ್ನು ಬಳಸಿಕೋ ಎಂದು ತಂಗಿ ಹೇಳಲಿಲ್ಲ, ಕೊಡು ಎಂದು ಅಕ್ಕನೂ ಕೇಳಲಿಲ್ಲ. ತಿದ್ದಿ ಕಳಿಸಿದ ಟೀಚರ ಹಲ್ಲು ಕ್ಲಿನಿಕ್ಕಿನಿಂದ ವಾಪಸ್ಸು ಬರಲಿಲ್ಲ.

ಮುಂದಿನ ಭಾನುವಾರ ಕೀಲಿಕೈ ಸ್ಕೂಟರು ನಿಲ್ಲಿಸಿದಾಗ ಹಲ್ಲಕ್ಕ ಹತ್ತುವ ಮೊದಲೇ ಹೇಳಿದಳು. "ಆ ಒಂಬತ್ತರಲ್ಲಿ ಒಂದು ಅಂತ ಏನೋ ಹೇಳೋಕೆ ಬಂದಿದ್ರಲ್ಲ. ಏನದು?"

"ಎಂಟು ತಿಂಗಳಾಯ್ತು ಮೇಡಂ ನಾನು ಹೇಳೋಕೆ ಶುರು ಮಾಡಿ," ಎಂದ ಅವನು. "ಕೂತ್ಕೊಳ್ಳಿ."

ಅದು ಶಾಲೆಯ ಆಟದ ಮೈದಾನದ ಅಂಚಿನಲ್ಲಿದ್ದ ಹಳೆಯ ಸಣ್ಣ ಮನೆ. ಮೂರು ಕೋಣೆ, ಮೂರೂ ಉತ್ತರಕ್ಕೆ ತೆರೆದಿದ್ದವು. ಮುಂದಿನ ಭಾಗ ಕತ್ತಲೆ, ಬಿಸಿಲೆಂಬುದು ಒಳಗೆ ಕಾಲಿಡುತ್ತಿರಲಿಲ್ಲ, ಆದ್ದರಿಂದಲೇ ಯಾರೂ ಕೊಂಡಿರಲಿಲ್ಲ. "ಅಡುಗೆಮನೇಲಿ ಇಬ್ಬರು ನಿಂತ್ರೆ ಒಬ್ಬರು ಹೊರಗೆ ಬರ್ಬೇಕು. ಟ್ಯಾಂಕು ಸೋರುತ್ತೆ. ಮಕ್ಕಳ ಗಲಾಟೆ ಇದ್ದದ್ದೇ" ಎಂದು ಕೀಲಿಕೈ ತನ್ನ ಪದ್ಧತಿಯಂತೆ ಒಪ್ಪಿಸಿದ. "ನಿಮ್ಮ ತಂಗಿಯವರು ಬಾಗಿಲಲ್ಲೇ 'ಇಲ್ಲಿ ಬಟ್ಟೆ ಒಣಗಲ್ಲ' ಅಂತ ವಾಪಸ್ ಹೋದ್ರು."

ಹಲ್ಲಕ್ಕ ಕಿಟಕಿಗೆ ಪಟ್ಟಿ ಹಿಡಿದಳು. ಕಿಟಕಿಯ ಆಚೆ ಇದ್ದದ್ದು ಮಕ್ಕಳ ಮೈದಾನ, ಅಲ್ಲಿ ಯಾರೂ ಸುಲಭಕ್ಕೆ ಕಟ್ಟಡ ಎಬ್ಬಿಸಲಾರರು. ಹದಿನಾರು ಹಲ್ಲುಗಳೂ ತಂತಮ್ಮ ಬಣ್ಣದಲ್ಲಿ ನಿಂತವು. ಆಮೇಲೆ ಅವಳು ಕಿಟಕಿಯ ಅಗಲವನ್ನು ಗೇಣಿನಿಂದ ಅಳೆದಳು, ಇನ್ನೊಮ್ಮೆ ಅಳೆದಳು, ಅಳೆದದ್ದೆಷ್ಟೆಂದು ಕೀಲಿಕೈಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಹಲ್ಲಕ್ಕ ಆ ಮನೆ ಕೊಂಡು ಈಗ ಅಲ್ಲೇ ಇದ್ದಾಳೆ. ನಾಲ್ಕೂ ಕ್ಲಿನಿಕ್ಕುಗಳ ಕೆಲಸ ಉಳಿದಿದೆ. ಟ್ಯಾಂಕು ಇನ್ನೂ ಸೋರುತ್ತದೆ. ತಂಗಿಯ ನಗುವನ್ನು ಯಾರಾದರೂ ಹೊಗಳಿದರೆ ಅವಳು ಸುಮ್ಮನಿರಲು ಪ್ರಯತ್ನಿಸುತ್ತಾಳೆ. ನಾಲ್ಕು ಸಲದಲ್ಲಿ ಮೂರು ಸಲ ಸಾಧ್ಯವಾಗಿದೆ. ತಂಗಿ ಒಂದು ಸಲ ಬಂದು, ಕಿಟಕಿಯ ಮುಂದೆ ಬಹಳ ಹೊತ್ತು ನಿಂತು, ಕೋಣೆ ತಂಪಾಗಿದೆ ಎಂದು ಹೇಳಿ ಹೋದಳು. ಆ ವಾರವೇ ಕೀಲಿಕೈಗೆ ಫೋನು ಮಾಡಿ, ಅದೇ ಮೈದಾನದ ಅಂಚಿನಲ್ಲಿ ಇನ್ನೊಂದು ಮನೆ ಇದೆಯೇ ಎಂದು ವಿಚಾರಿಸಿದ್ದಾಳೆ. ಸದ್ಯಕ್ಕೆ ಇಲ್ಲ ಎಂದು ಅವನು ಹೇಳಿದ್ದಾನೆ. ಅವಳ ಮಹಡಿಯ ಕೋಣೆಯಲ್ಲಿ ಬಟ್ಟೆ ಒಣಗಲು ಈಗಲೂ ಎರಡು ದಿನ ಹಿಡಿಯುತ್ತದೆ.